ಹದಿನಾಲ್ಕನೇ ನಂಬರಿನ ಗೋಡೆ

ಮೂವತ್ತೊಂದು ವರ್ಷ ಸ್ಕಿಪ್ಟನ್ನಿನ ಈ ಬೀದಿಗೆ
ಟಪಾಲು ಹಂಚಿದವನು ನಾನು.
ಮಳೆಗೆ ಕಲಸಿಹೋದ ಲಕೋಟೆಯನ್ನೂ
ಅಕ್ಷರದ ಬಾಲ ನೋಡಿ, ಕೊಕ್ಕೆ ನೋಡಿ,
ಇದು ಟೆಂಪ್ಲ್‌ಟನ್ನನ ತಂಗಿಯದು, ಇದು ಬ್ಯಾಂಕಿನದು ಎಂದು
ಸರಿಯಾದ ಕಿಂಡಿಗೆ ತೂರಿಸಿದವನು.
ಈಗ ಮೊಣಕಾಲು ಸವೆದು, ಅದೇ ಬೀದಿಯ
ಹದಿನಾಲ್ಕನೇ ನಂಬರಿಗೆ ಬಾಡಿಗೆಗೆ ಬಂದಿದ್ದೇನೆ.
ಹಿತ್ತಲ ಗೋಡೆಯ ಮೇಲೆ ಐದು ಬಳ್ಳಿ.
ಐದೂ ಕ್ಲೆಮಾಟಿಸ್. ಅಷ್ಟು ಮಾತ್ರ ಗೊತ್ತು.

ಬುಡಕ್ಕೊಂದೊಂದು ಸತುವಿನ ಚೀಟಿ ಇದೆ, ನಿಜ.
ಎನಿಡ್ ಹೆಪ್‌ವರ್ತ್ ಪೆನ್ಸಿಲಿನಲ್ಲಿ ಬರೆದಿರಬೇಕು.
ಮಳೆ ಒರೆಸಿದೆ; ಉಳಿದದ್ದರ ಮೇಲೆ ಬಸವನಹುಳು
ಬೆಳ್ಳಿ ಗೆರೆಯಲ್ಲಿ ತನ್ನದೇ ಏನೋ ಗೀಚಿದೆ.

ಈ ಹೆಸರುಗಳನ್ನು ಹೊತ್ತು ತಂದವನೂ ನಾನೇ,
ತಮಾಷೆ ನೋಡಿ.
ಉದ್ದನೆ ರಟ್ಟಿನ ಪೆಟ್ಟಿಗೆ, ಕೆಂಪು ಬಾಣ:
‘ಜೀವಂತ ಗಿಡ. ಈ ಬದಿ ಮೇಲೆ.’
ಮಣ್ಣುಗೈಯಲ್ಲೇ ಆಕೆ ಸಹಿ ಹಾಕುತ್ತಿದ್ದಳು.
ಒಳಗೇನೆಂದು ನಾನು ಕೇಳುತ್ತಿರಲಿಲ್ಲ.
ಕೇಳಬಾರದು, ನಮ್ಮ ಕಸುಬಿನ ಮರ್ಯಾದೆ ಅದು.

ಫೆಬ್ರವರಿಯಲ್ಲಿ ಬಳ್ಳಿಯೆಂದರೆ ಒಣ ಹುರಿ.
ಸತ್ತಿದೆಯೋ ಮಲಗಿದೆಯೋ ಹೇಳಲು ಬಾರದು,
ಉಗುರಲ್ಲಿ ಕೆರೆದರೆ ಒಳಗೆ ಹಸಿರಿನ ಒಂದೆಳೆ.
ಪಕ್ಕದ ಮನೆ ಬೆರಿಲ್ ಗೋಡೆಯಾಚೆಯಿಂದ ತಲೆಯೆತ್ತಿ
“ಮೊಣಕಾಲೆತ್ತರಕ್ಕೆ ಕಡಿ ವಿಲ್ಫ್, ಅಂಜಬೇಡ,
ಇವಕ್ಕೆ ಕತ್ತರಿಯೇ ಗೊಬ್ಬರ” ಅಂದಳು.
ಕಡಿದೆ, ಬಾಗಿಲ ಪಕ್ಕದ್ದನ್ನು.
ಹಿಡಿದ ತಂತಿ ಬಿಡಲೊಲ್ಲದು.
ಬಟಾಣಿಗಿರುವ ಕುಡಿಬಳ್ಳಿ ಇದಕ್ಕಿಲ್ಲ,
ಎಲೆಯ ತೊಟ್ಟೇ ಬೆರಳು;
ಎಲೆ ಉದುರಿ ತಿಂಗಳಾದರೂ ಬೆರಳು ಹಿಡಿದೇ ಇರುತ್ತದೆ.
ಒಂದೊಂದಾಗಿ ಬಿಡಿಸಿದೆ. ಕೈಗಾಡಿ ತುಂಬಿತು.

ಮೇ ತಿಂಗಳು. ಬೀದಿಯ ಉಳಿದ ಗೋಡೆಗಳ ತುಂಬ
ತಿಳಿಗುಲಾಬಿ, ವೆನಿಲಾದ ಘಮ.
ನನ್ನ ಬಾಗಿಲಿಗೆ ಬರೀ ಎಲೆ.
ಹಳೆ ಕಡ್ಡಿಯಲ್ಲಿ ಹೂ ಬಿಡುವ ಜಾತಿಯಂತೆ,
ಹೋದ ಬೇಸಿಗೆಯಲ್ಲೇ ಮೊಗ್ಗು ಕಟ್ಟಿಟ್ಟುಕೊಂಡಿತ್ತಂತೆ.
ಬಂದ ಕಾಗದವನ್ನು ಒಡೆಯದೆ ಒಲೆಗೆ ಹಾಕಿದ್ದೆ.
“ಆ ಜಾತಿ ಅಂತ ಯಾರಿಗೆ ಗೊತ್ತಿತ್ತು” ಅಂದಳು ಬೆರಿಲ್,
ಅರ್ಧ ಕೇಕು ಕೊಟ್ಟು.

ಕತ್ತರಿಯನ್ನು ಮೊಳೆಗೆ ನೇತುಹಾಕಿ
ಹಳೆಯ ಡ್ಯೂಟಿ ಪುಸ್ತಕದ ಖಾಲಿ ಹಾಳೆ ತೆಗೆದೆ.
ಎರಡನೆಯದು, ಜೂನ್ ಐದು: ತಟ್ಟೆಯಗಲ, ನೇರಳೆ, ನಡುವೆ ಗೀರು.
ಸೆಪ್ಟೆಂಬರಿನಲ್ಲಿ ಹೊಸ ಕಡ್ಡಿಯಲ್ಲೂ ನಾಲ್ಕು ಬಿಟ್ಟಿತು,
ಎರಡೂ ಮನೆಯಲ್ಲಿ ಉಣ್ಣುವ ನೆಂಟ.
ಉಗುರಿಗೆ ಹೋಗುವುದಕ್ಕೆ ಕೊಡಲಿ ಬೇಡ.
ಮೂರನೆಯದು, ಜುಲೈ ಕೊನೆ: ಸಣ್ಣ ಹೂ, ವೈನಿನ ಕೆಂಪು,
ಎಲ್ಲವೂ ತುದಿಯಲ್ಲಿ, ಮಳೆನೀರ ಕೊಳವೆ ಹತ್ತಿ
ಬೆರಿಲಳ ಮಹಡಿ ಕಿಟಕಿಗೆ ಮಾತ್ರ ಕಾಣುವಂತೆ.
ಅವಳು ಹೇಳಿದ ಮಾತು ಇದಕ್ಕೆ ಸಲ್ಲಬೇಕಿತ್ತು:
ಮೊಣಕಾಲೆತ್ತರ, ಉಬ್ಬಿದ ಜೋಡಿಮೊಗ್ಗಿನ ಮೇಲೆ.
ಸರಿಯಾದ ಕಾಗದ, ತಪ್ಪು ಮನೆ.
ನಾಲ್ಕನೆಯದು ಹಳದಿ ಗಂಟೆ, ಅಕ್ಟೋಬರಿನವರೆಗೂ;
ಹೂವಿಗಿಂತ ಆಮೇಲಿನ ಬಿಳಿಗಡ್ಡವೇ ಚೆಂದ.

ಐದನೆಯದು ಏನೂ ಹೇಳಲಿಲ್ಲ.
ಎರಡು ವಸಂತ. ಚಿಗುರುತ್ತದೆ, ಆಳೆತ್ತರ ಏರುತ್ತದೆ,
ಒಂದು ಬೆಳಿಗ್ಗೆ ಪೂರಾ ಕಪ್ಪಾಗಿ ಜೋತುಬಿದ್ದಿರುತ್ತದೆ.
ನಮ್ಮ ಆಫೀಸಿನಲ್ಲಿ ಇಂಥವಕ್ಕೆ ಒಂದು ಗೂಡಿತ್ತು:
ಕಳಿಸಿದವರು ಯಾರೋ, ಪಡೆಯುವವರು ಯಾರೋ,
ಎಸೆಯುವ ಹಾಗೂ ಇಲ್ಲ.
“ಅಗೆದು ಬಿಸಾಕು” ಅಂದಳು ಬೆರಿಲ್.
ಬೇರು ಬದುಕಿದ್ದರೆ ಮಣ್ಣೊಳಗಿಂದ ಮತ್ತೆ ಬರುತ್ತದಂತೆ,
ಹಾಗಂತ ಎಲ್ಲೋ ಕೇಳಿದ್ದೆ. ಬುಡಕ್ಕೆ ಕತ್ತರಿಸಿ ಬಿಟ್ಟಿದ್ದೇನೆ.

ಚೀಟಿಗಳನ್ನು ತೊಳೆದು, ಈ ಸಲ ಮೊಳೆಯಲ್ಲಿ ಕೊರೆದೆ.
ಹೆಸರುಗಳನ್ನು ಎನಿಡ್ ಒಯ್ದಿದ್ದಾಳೆ, ಅವು ಅವಳವೇ.
‘ಹೂ ಮುಗಿದ ಮೇಲೆ.’
‘ತುದಿ ಮಾತ್ರ.’
‘ಮೊಣಕಾಲಿಗೆ, ಫೆಬ್ರವರಿ.’
‘ಇದೂ ಮೊಣಕಾಲಿಗೆ; ಗಡ್ಡ ಉದುರಲಿ, ಆಮೇಲೆ.’
ಐದನೆಯದಕ್ಕೆ, ಮೂವತ್ತೊಂದು ವರ್ಷ
ಮುಚ್ಚಿದ ಬಾಗಿಲುಗಳಿಗೆ ಸಿಕ್ಕಿಸಿ ಬಂದ ಅದೇ ಒಕ್ಕಣೆ:
‘ಬಂದಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ.
ಮತ್ತೆ ಬರುತ್ತೇನೆ.’